ರೋಸ್ ಬೌಲ್ ನಮ್ಮೂರಿಗೆ ಬಂದಿತ್ತಂತೆ

ನಮ್ಮ ಮನೆಯಿಂದ ಡರ್ಹಮ್ ಊರಿನ ಆ ಫುಟ್‌ಬಾಲ್ ಸ್ಟೇಡಿಯಂಗೆ ಇಪ್ಪತ್ತೈದು ನಿಮಿಷದ ದಾರಿ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್‌ಗೆ ಬಂದು ಹತ್ತು ವರ್ಷ ಕಳೆದರೂ ಅದರ ಕಡೆ ನಾನು ತಿರುಗಿ ನೋಡಿರಲಿಲ್ಲ. ಪಕ್ಕದಲ್ಲೇ ಡ್ಯೂಕ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಅಂಗಳ ಇದೆ, ಈ ಕಡೆಯವರಿಗೆ ಹುಚ್ಚೆಲ್ಲ ಅದರ ಮೇಲೆ. ಫುಟ್‌ಬಾಲ್ ಅಂದರೆ ನಮ್ಮನೆಯವರು ಭಾನುವಾರ ಸೋಫಾದಲ್ಲಿ ಮಲಗಿಕೊಂಡು ನೋಡುವ, ಐದು ಸೆಕೆಂಡ್ ಆಡಿ ಐದು ನಿಮಿಷ ನಿಲ್ಲಿಸುವ ಆಟ. ಕಾಲಿಗೆ ಚೆಂಡು ತಾಗೋದೇ ಅಪರೂಪ, ಆದರೂ ಹೆಸರು ಫುಟ್‌ಬಾಲ್. ಇದು ನನ್ನ ಹಳೇ ತಕರಾರು.

2021ರ ಜನವರಿ 1ರಂದು ಟಿವಿಯಲ್ಲಿ ರೋಸ್ ಬೌಲ್ ಬರುತ್ತಿತ್ತು. ಹೊಸ ವರ್ಷದ ದಿನ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ನಡೆಯುವ, ಕಾಲೇಜು ಫುಟ್‌ಬಾಲ್‌ನ ಅತಿ ಹಳೆಯ ಬೌಲ್ ಪಂದ್ಯ ಅದು. ಬೌಲ್ ಅಂದರೆ ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಕರೆದು ಆಡಿಸುವ ಪಂದ್ಯ. ಕೋವಿಡ್ ಇದ್ದಿದ್ದರಿಂದ ಆ ಸಲ ಟೆಕ್ಸಾಸ್‌ನ ಆರ್ಲಿಂಗ್ಟನ್‌ಗೆ ಎತ್ತಂಗಡಿಯಾಗಿತ್ತು. ಅಲಬಾಮಾ, ನೋಟರ್ ಡೇಮ್ ಆಡಿದವು. ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದೆ, ಫ್ರೋಜನ್ ಪ್ಯಾಕೆಟಿಂದು. ಇದಕ್ಕೆ ಮುಂಚೆ ರೋಸ್ ಬೌಲ್ ಪಾಸಡೀನಾ ಬಿಟ್ಟು ಹೊರಗೆ ಹೋಗಿದ್ದು ಒಂದೇ ಸಲ, 1942ರಲ್ಲಿ, ನಾರ್ತ್ ಕ್ಯಾರೊಲೈನಾದ ಡರ್ಹಮ್‌ಗೆ, ಅನ್ನೋ ಮಾತು ಕಿವಿಗೆ ಬಿತ್ತು.

ಡರ್ಹಮ್? ನಮ್ಮ ಡರ್ಹಮ್ಮಾ?

ಅಷ್ಟಕ್ಕೇ ಮರೆತುಬಿಟ್ಟೆ. ಮತ್ತೆ ನೆನಪಾಗಿದ್ದು ಸುಮಾರು ಮೂರು ವರ್ಷದ ಮೇಲೆ, ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ. ಶಾಲೆಯಲ್ಲಿ ಇತಿಹಾಸದ ಪ್ರಾಜೆಕ್ಟ್ ಕೊಟ್ಟಿದ್ದರು. ಸ್ಥಳೀಯ ವಿಷಯ ಆಗಬೇಕು, ಆ ಕಾಲದ ಮೂಲ ದಾಖಲೆಗಳನ್ನು ನೋಡಿರಬೇಕು, ಸುಮ್ನೆ ಇಂಟರ್ನೆಟ್ಟಿನಿಂದ ಎತ್ತಿ ಅಂಟಿಸಬಾರದು. ಅವಳ ಗೆಳತಿಯರೆಲ್ಲ ತಂಬಾಕು ಕಾರ್ಖಾನೆ, ರೈಟ್ ಸಹೋದರರು ಅಂತ ಹಂಚಿಕೊಂಡುಬಿಟ್ಟಿದ್ದರು. ನಾನು ಆ ಟಿವಿ ಮಾತು ಹೇಳಿದೆ. ಅವಳಿಗೆ ಆಟ ಇಷ್ಟವಿಲ್ಲ. ಆದರೆ ಬೇರೆ ಯಾರೂ ತೆಗೆದುಕೊಂಡಿರಲ್ಲ ಅನ್ನೋದು ಇಷ್ಟವಾಯಿತು. ಮಗಳ ಪ್ರಾಜೆಕ್ಟ್ ಅಂದರೆ ಅಮ್ಮನ ಪ್ರಾಜೆಕ್ಟ್ ಅಲ್ವಾ, ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಶನಿವಾರಗಳೆಲ್ಲ 1941ಕ್ಕೆ ಹೋದವು.

ನಾನು ಸಾಫ್ಟ್‌ವೇರ್ ಟೆಸ್ಟರ್. ಕೆಲಸದ ಚಾಳಿ ಮನೆಯಲ್ಲೂ ಬಿಡಲ್ಲ. ಮೊದಲ ದಿನವೇ ಎಕ್ಸೆಲ್ ತೆಗೆದು ಎರಡು ಶೀಟ್ ಮಾಡಿದೆ. ಒಂದು ಡ್ಯೂಕ್‌ಗೆ, ಇನ್ನೊಂದು ಎದುರಾಳಿ ಒರೆಗಾನ್ ಸ್ಟೇಟ್‌ಗೆ. ತಾರೀಕು, ಊರು, ಎದುರಾಳಿ, ಸ್ಕೋರು. ಅದರ ಕೆಳಗೆ ಆಟಗಾರರ ಹೆಸರು, ಪಂದ್ಯಕ್ಕೆ ಪ್ರಯಾಣ ಮಾಡಿದರೋ ಇಲ್ಲವೋ, ಆಮೇಲೆ ಏನಾದರು. ಒಂದೇ ನಿಯಮ: ಯಾವ ಸೆಲ್ಲೂ ಖಾಲಿ ಇರಬಾರದು. ಗೊತ್ತಿದ್ದರೆ ಬರಿ, ಗೊತ್ತಿಲ್ಲದಿದ್ದರೆ ಹುಡುಕಿ ಬರಿ.

ಶುರುವಿನಲ್ಲೇ ಮುಗ್ಗರಿಸಿದೆವು. ಒಂದಿಡೀ ಶನಿವಾರ ಕೂತು ಮಗಳು ತುಂಬಿದ್ದು ಒರೆಗಾನ್ ಸ್ಟೇಟ್‌ನ ಸೀಸನ್ ಅಲ್ಲ, ಒರೆಗಾನ್‌ನದು. ಒರೆಗಾನ್ ಬೇರೆ, ಒರೆಗಾನ್ ಸ್ಟೇಟ್ ಬೇರೆ. ಎರಡೂ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದ ಕಾಲೇಜುಗಳೇ. ಮೊದಲಿನದು ಯೂಜೀನ್ ಊರಲ್ಲಿ, ಎರಡನೆಯದು ಕೊರ್ವಾಲಿಸ್‌ನಲ್ಲಿ. ಮಧ್ಯೆ ನಲವತ್ತು ಮೈಲಿ, ಜನ್ಮದ ಜಗಳ. ಗೊತ್ತಾಗಿದ್ದು ಹೇಗೆ ಅಂದರೆ, ನವೆಂಬರ್ 29ರ ಪಂದ್ಯದಲ್ಲಿ ನಮ್ಮ ತಂಡ ನಮ್ಮ ತಂಡದ ಮೇಲೇ ಸೋತಿತ್ತು. ಎರಡನೇ ತಪ್ಪು ನನ್ನದು. ‘1942ರ ರೋಸ್ ಬೌಲ್’ ಅಂತ ಕೇಳಿ 1942ರ ಸೀಸನ್ ಹುಡುಕುತ್ತಿದ್ದೆ. ಸೀಸನ್ ನಡೆದಿದ್ದು 1941ರ ಸೆಪ್ಟೆಂಬರ್‌ನಿಂದ ನವೆಂಬರ್, ಬೌಲ್ ಮಾತ್ರ ಕ್ಯಾಲೆಂಡರ್ ದಾಟಿ ಜನವರಿಗೆ ಬೀಳುತ್ತದೆ. ಹೊಸಬರೆಲ್ಲ ಇಲ್ಲಿ ಬೀಳುತ್ತಾರಂತೆ, ನಾವೂ ಬಿದ್ದೆವು.

ಡ್ಯೂಕ್ ಶೀಟ್ ಬೇಗ ತುಂಬಿತು. ಆ ಸೀಸನ್ ಓದೋಕೆ ಬೇಜಾರಾಗುವಷ್ಟು ಸಲೀಸು. ವೇಕ್ ಫಾರೆಸ್ಟ್ ಮೇಲೆ 43-14, ಟೆನೆಸಿ ಮೇಲೆ 19-0, ಮೇರಿಲ್ಯಾಂಡ್ ಮೇಲೆ 50-0, ಡೇವಿಡ್ಸನ್ ಮೇಲೆ 56-0. ಒಂಬತ್ತಕ್ಕೆ ಒಂಬತ್ತು ಗೆಲುವು, ಒಟ್ಟು 311 ಅಂಕ. ದೇಶಕ್ಕೆ ಎರಡನೇ ರ‍್ಯಾಂಕ್. ಕೋಚ್ ವಾಲೇಸ್ ವೇಡ್ ಆಗಲೇ ದೊಡ್ಡ ಹೆಸರು. ಮುಂಚೆ ಅಲಬಾಮಾ ತಂಡವನ್ನು ರೋಸ್ ಬೌಲ್‌ಗೆ ಕರೆದೊಯ್ದಿದ್ದವರು. ಡ್ಯೂಕ್‌ನಲ್ಲಿ 1938ರ ಅವರ ತಂಡಕ್ಕೆ ಇಡೀ ಸೀಸನ್‌ನಲ್ಲಿ ಯಾರೂ ಒಂದು ಅಂಕವನ್ನೂ ಹೊಡೆದಿರಲಿಲ್ಲ. ಹಾಗೆ ರೋಸ್ ಬೌಲ್‌ಗೆ ಹೋಗಿ, ಕೊನೇ ನಿಮಿಷದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ 7-3ರಿಂದ ಸೋತಿತ್ತು. 1941ರ ಹುಡುಗರಿಗೆ ಆ ಲೆಕ್ಕ ತೀರಿಸುವುದಿತ್ತು.

ಒರೆಗಾನ್ ಸ್ಟೇಟ್ ಶೀಟ್‌ನಲ್ಲಿ ರುಚಿ ಜಾಸ್ತಿ. ಮೊದಲ ಪಂದ್ಯವೇ ಸೋಲು, ಸದರ್ನ್ ಕ್ಯಾಲಿಫೋರ್ನಿಯಾ ಮೇಲೆ 7-13. ಆಮೇಲೆ ಸ್ಟಾನ್‌ಫರ್ಡ್ ಬಂತು. ಹಿಂದಿನ ವರ್ಷ ಒಂದೂ ಸೋಲದೆ ರೋಸ್ ಬೌಲ್ ಗೆದ್ದ ಸ್ಟಾನ್‌ಫರ್ಡ್. ಅದನ್ನು ಇವರು 10-0ರಿಂದ ಕೆಡವಿದರು. ಮುಂದಿನ ವಾರವೇ ವಾಷಿಂಗ್ಟನ್ ಸ್ಟೇಟ್ ಕೈಯಲ್ಲಿ 0-7ರಿಂದ ಸೋತರು. ಇವರು ಹೀಗೇನೇ. ಕೊನೇ ಪಂದ್ಯ ಯೂಜೀನ್‌ನಲ್ಲಿ, ಜನ್ಮದ ವೈರಿ ಮನೆಯಂಗಳದಲ್ಲಿ. ಗೆದ್ದರೆ ಪಾಸಡೀನಾ, ಸೋತರೆ ಮನೆ. ಗೆದ್ದರು, 12-7. ಕೋಚ್ ಲಾನ್ ಸ್ಟೈನರ್. ಆ ಕಾಲೇಜಿಗೆ ಅದೇ ಮೊದಲ ರೋಸ್ ಬೌಲ್. ಪಂದ್ಯಕ್ಕೆ ಆಹ್ವಾನ ಬಂದು, ಊರೆಲ್ಲ ಸಂಭ್ರಮ ಪಟ್ಟು, ಒಂದು ವಾರ ಕಳೆದಿತ್ತು. ಡಿಸೆಂಬರ್ 7, ಭಾನುವಾರ, ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಯಿತು.

ಇಲ್ಲಿಂದ ಮುಂದೆ ಪತ್ರಿಕೆಗಳನ್ನು ನೋಡಲೇಬೇಕು ಅಂತ ಮಗಳ ಟೀಚರ್ ಹೇಳಿದ್ದರು. ಕೆಲವು ಆನ್‌ಲೈನ್‌ನಲ್ಲಿ ಸಿಗುತ್ತವೆ, ಪದ ಹಾಕಿ ಹುಡುಕಬಹುದು. ಮಗಳು ಜಾಣೆ, ಆ ದಿನಗಳಲ್ಲಿ ಪೆಸಿಫಿಕ್‌ನಲ್ಲಿ ಜಪಾನ್ ಹಿಡಿದ ವೇಕ್ ದ್ವೀಪದ ಸುದ್ದಿ ಬೇಕು ಅಂತ ‘ವೇಕ್’ ಎಂದು ಹಾಕಿದಳು. ರಾಶಿ ರಾಶಿ ಬಂತು. ವೇಕ್ ಫಾರೆಸ್ಟ್ ಕಾಲೇಜು, ವೇಕ್ ಕೌಂಟಿ ಹಂದಿ ಮಾರಾಟ, ವೇಕ್ ಕೌಂಟಿ ಕೋರ್ಟು. ನಾವಿರೋದೂ ವೇಕ್ ಕೌಂಟಿಯೇ. ದ್ವೀಪ ಮಾತ್ರ ಎಲ್ಲೋ ತಳದಲ್ಲಿ ಹೂತುಹೋಗಿತ್ತು. ಸರಿ, ಮೈಕ್ರೊಫಿಲ್ಮ್ ಅಂತ ಹೊರಟೆವು.

ಮೈಕ್ರೊಫಿಲ್ಮ್ ಯಂತ್ರದ ಮುಂದೆ ಕೂತವರಿಗೆ ಗೊತ್ತು. ರೀಲನ್ನು ಎಡಗಡೆ ಸಿಕ್ಕಿಸಿ, ಗಾಜಿನ ಅಡಿಯಲ್ಲಿ ತೂರಿಸಿ, ಬಲಗಡೆ ಸುತ್ತಬೇಕು. ಉಲ್ಟಾ ಹಾಕಿದರೆ ಪತ್ರಿಕೆ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ನಾವು ಹಾಕಿದ್ದು ಉಲ್ಟಾನೇ. ಜೋರಾಗಿ ಸುತ್ತಿದರೆ ದಿನಗಳು ಬಸ್ಸಿನ ಕಿಟಕಿಯಿಂದ ಕಂಡ ಮರಗಳ ಹಾಗೆ ಹಾರಿಹೋಗುತ್ತವೆ. ತಲೆ ಸುತ್ತು, ಹೊಟ್ಟೆ ತೊಳಸು. ಮಗಳಿಗೆ ಹದಿನೈದು ನಿಮಿಷಕ್ಕೆ ವಾಂತಿ ಬರುವ ಹಾಗಾಯಿತು. ಅವಳು ಹೊರಗೆ ಕೂತು ಚಿಪ್ಸ್ ತಿಂದಳು, ನಾನು ಸುತ್ತಿದೆ. ಯಾರ ಪ್ರಾಜೆಕ್ಟ್ ಅಂತ ಕೇಳಬೇಡಿ.

ಆದರೆ ಆ ಯಂತ್ರದಲ್ಲಿ ಒಂದು ಮಜಾ ಇದೆ. ಹುಡುಕಿದ್ದು ಮಾತ್ರ ಸಿಗಲ್ಲ, ಪಕ್ಕದ್ದೂ ಸಿಗುತ್ತದೆ. ಒಂದು ಪುಟದಲ್ಲಿ ಯುದ್ಧ, ತಿರುಗಿಸಿದರೆ ಕ್ರಿಸ್‌ಮಸ್ ಕೋಟಿನ ಜಾಹೀರಾತು, ಮತ್ತೆ ತಿರುಗಿಸಿದರೆ ಫುಟ್‌ಬಾಲ್. ಓದುವವರಿಗೆ ಎಲ್ಲವೂ ಒಂದೇ ಬೆಳಿಗ್ಗೆ, ಒಂದೇ ಕಾಫಿ ಜೊತೆ ಬಂದಿತ್ತು. ನಾನು ಅಲ್ಲಿವರೆಗೆ ಯುದ್ಧ ಒಂದು ಶೀಟ್, ಆಟ ಇನ್ನೊಂದು ಶೀಟ್ ಅಂದುಕೊಂಡಿದ್ದೆ.

ಡಿಸೆಂಬರ್ ಮಧ್ಯದ ಆ ದಿನಗಳ ಕಥೆ ಹೀಗೆ. ಪಶ್ಚಿಮ ಕರಾವಳಿಯ ರಕ್ಷಣೆಯ ಹೊಣೆ ಲೆಫ್ಟಿನೆಂಟ್ ಜನರಲ್ ಜಾನ್ ಡಿವಿಟ್ ಎಂಬವರ ಮೇಲಿತ್ತು. ಕ್ಯಾಲಿಫೋರ್ನಿಯಾದ ಮೇಲೂ ಜಪಾನಿನ ದಾಳಿಯಾಗಬಹುದು, ಒಂದೇ ಕಡೆ ಅಷ್ಟೊಂದು ಜನ ಸೇರೋದು ಬೇಡ ಎಂದು ಅವರು ಹೇಳಿದರು. ಪಂದ್ಯದ ದಿನ ಪಾಸಡೀನಾದಲ್ಲಿ ನಡೆಯುವ ಹೂವಿನ ಮೆರವಣಿಗೆ ರದ್ದು, ಪಂದ್ಯವೂ ರದ್ದು ಅನ್ನೋ ಹಾಗಾಯಿತು. ಆಗ ಡ್ಯೂಕ್‌ನವರು ನಮ್ಮೂರಿಗೇ ಬನ್ನಿ ಅಂತ ಕರೆದರು. ಎರಡು ವಾರದಲ್ಲಿ ಮದುವೆ ಛತ್ರ ಬದಲಾಯಿಸಿದ ಹಾಗೆ. ಡ್ಯೂಕ್ ಸ್ಟೇಡಿಯಂನಲ್ಲಿ ಸುಮಾರು 35,000 ಜನ ಕೂರಬಹುದಿತ್ತು. ಅಕ್ಕಪಕ್ಕದ ಎರಡು ಕಾಲೇಜುಗಳಿಂದ, ಅದೂ ಹಳೇ ಎದುರಾಳಿಗಳಾದ ಚಾಪೆಲ್ ಹಿಲ್ ಮತ್ತು ನಾರ್ತ್ ಕ್ಯಾರೊಲೈನಾ ಸ್ಟೇಟ್‌ನಿಂದ, ಮರದ ಬೆಂಚುಗಳನ್ನು ಕಡ ತಂದರು. 56,000 ಸೀಟಾಯಿತು. ಟಿಕೆಟ್ ಬೆಲೆ 4 ಡಾಲರ್ 40 ಸೆಂಟ್. ಕೆಲವೇ ದಿನದಲ್ಲಿ ಎಲ್ಲ ಖಾಲಿ. ಆಗ ಡರ್ಹಮ್‌ನ ಜನಸಂಖ್ಯೆ ಸುಮಾರು 60,000. ಊರಿಗೂರೇ ಸ್ಟೇಡಿಯಂನಲ್ಲಿ ಕೂತಷ್ಟು ಅನ್ನಿ.

ಊರಿಗೂರೇ ಅಂದರೂ ಎಲ್ಲರೂ ಒಟ್ಟಿಗೆ ಕೂತರು ಅಂತಲ್ಲ. ಅದು ಕರಿಯರಿಗೆ ಬಿಳಿಯರಿಗೆ ಎಲ್ಲವೂ ಬೇರೆ ಬೇರೆ ಇದ್ದ ಕಾಲ, ದಕ್ಷಿಣದ ಊರು. ಡ್ಯೂಕ್ ತನ್ನ ಡಿಗ್ರಿ ತರಗತಿಗಳಿಗೆ ಮೊದಲ ಸಲ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದು 1963ರಲ್ಲಿ. ‘ಎರಡು ತಂಡದ ಫೋಟೋದಲ್ಲೂ ಎಲ್ಲರೂ ಒಂದೇ ಥರ ಇದ್ದಾರಲ್ಲ’ ಅಂತ ಮಗಳೇ ಮೊದಲು ಹೇಳಿದ್ದು.

ಒರೆಗಾನ್ ಸ್ಟೇಟ್ ಹುಡುಗರು ಡಿಸೆಂಬರ್ 19ರಂದು ರೈಲು ಹತ್ತಿದರು. ಶಿಕಾಗೋದಲ್ಲಿ ಇಳಿದು ಚಳಿಯಲ್ಲಿ ಪ್ರಾಕ್ಟೀಸ್ ಮಾಡಿ, ಡಿಸೆಂಬರ್ 24ಕ್ಕೆ ಡರ್ಹಮ್ ಮುಟ್ಟಿದರು. ದೇಶದ ಆ ತುದಿಯಿಂದ ಈ ತುದಿಗೆ, ಸುಮಾರು ಮೂರು ಸಾವಿರ ಮೈಲಿ. ಇಳಿದಿದ್ದು ವಾಷಿಂಗ್ಟನ್ ಡ್ಯೂಕ್ ಹೋಟೆಲ್‌ನಲ್ಲಿ.

ಇದನ್ನು ಓದಿ ನಾವು ಅದೇ ಶನಿವಾರ ವಾಷಿಂಗ್ಟನ್ ಡ್ಯೂಕ್ ಇನ್‌ಗೆ ಹೋದೆವು. ಗಾಲ್ಫ್ ಮೈದಾನದ ಪಕ್ಕ, ಶೋಕಿ ಹೋಟೆಲ್ಲು. ಮಗಳು ಮೆಟ್ಟಿಲ ಮೇಲೆ ನಿಂತು ನಾಲ್ಕು ಫೋಟೋ ತೆಗೆಸಿಕೊಂಡಳು. ಒಳಗೆ ಹೋಗಿ, ‘1941ರಲ್ಲಿ ತಂಡ ಇಳಿದಿದ್ದ ಮಹಡಿ ಯಾವುದು’ ಅಂತ ಧೈರ್ಯವಾಗಿ ಕೇಳಿದೆ. ಕೌಂಟರ್‌ನಲ್ಲಿದ್ದ ಹುಡುಗ ನಗು ತಡೆದುಕೊಂಡು, ‘ಮೇಡಂ, ಈ ಕಟ್ಟಡ ಶುರುವಾಗಿದ್ದು 1988ರಲ್ಲಿ’ ಅಂದ. ಹಳೇ ಹೋಟೆಲ್ ಊರ ನಡುವೆ ಇತ್ತು. 1975ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಈಗ ಆ ಜಾಗದಲ್ಲಿ ಒಂದು ಚೌಕ, ಒಂದು ದೊಡ್ಡ ಕಂಚಿನ ಗೂಳಿ. ಆ ಗೂಳಿಯ ಮುಂದೆ ನಾವು ಎಷ್ಟು ಸಲ ಐಸ್‌ಕ್ರೀಂ ತಿಂದಿದ್ದೇವೋ ಲೆಕ್ಕವಿಲ್ಲ. ಮತ್ತೆ ಅಲ್ಲಿಗೆ ಹೋಗಿ ಗೂಳಿಯ ಫೋಟೋ ತೆಗೆದೆವು. ಬೋರ್ಡಿನ ಮೇಲೆ ಕೊನೆಗೆ ಅಂಟಿಸಿದ್ದು ಗೂಳಿಯನ್ನೇ.

ಈಗ ಆಟಗಾರರ ಪಟ್ಟಿ. ಒರೆಗಾನ್ ಸ್ಟೇಟ್ ಶೀಟ್‌ನಲ್ಲಿ ‘ಪ್ರಯಾಣ ಮಾಡಿದರೇ?’ ಅನ್ನುವ ಕಾಲಂ ಇಟ್ಟಿದ್ದೆನಲ್ಲ, ಅಲ್ಲಿ ಹೌದು, ಹೌದು ಅಂತ ತುಂಬುತ್ತಾ ಹೋದ ಮಗಳು ಒಂದು ಕಡೆ ನಿಂತಳು. ಜ್ಯಾಕ್ ಯೋಶಿಹಾರಾ. ತಂಡದಲ್ಲಿದ್ದಾನೆ, ರೈಲಿನಲ್ಲಿಲ್ಲ.

ಜಪಾನಿನಲ್ಲಿ ಹುಟ್ಟಿ, ಮೂರು ವರ್ಷದ ಮಗುವಾಗಿದ್ದಾಗ ಅಮೆರಿಕಕ್ಕೆ ಬಂದು, ಪೋರ್ಟ್‌ಲ್ಯಾಂಡ್‌ನಲ್ಲಿ ಬೆಳೆದ ಹುಡುಗ. ಪರ್ಲ್ ಹಾರ್ಬರ್ ಆದಮೇಲೆ ಒಂದು ದಿನ ಪ್ರಾಕ್ಟೀಸ್ ನಡೀತಿರುವಾಗ ಎಫ್‌ಬಿಐನ ಇಬ್ಬರು ಮೈದಾನಕ್ಕೆ ಬಂದರು. ಜಪಾನ್ ಮೂಲದವರು ಮನೆಯಿಂದ 35 ಮೈಲಿಗಿಂತ ದೂರ ಹೋಗುವಂತಿಲ್ಲ. ಡರ್ಹಮ್ ಮೂರು ಸಾವಿರ ಮೈಲಿ. ಮುಗಿಯಿತು. ತಂಡ ರೈಲು ಹತ್ತಿತು, ಅವನು ಉಳಿದ. ಪಂದ್ಯವನ್ನು ರೇಡಿಯೋದಲ್ಲಿ ಕೇಳಿದ.

ನನಗೆ ಮೈ ಜುಮ್ಮೆಂದಿದ್ದು ಇನ್ನೊಂದು ವಿಷಯಕ್ಕೆ. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಮೇಲೆ, ಪಶ್ಚಿಮ ಕರಾವಳಿಯ ಜಪಾನ್ ಮೂಲದ ಜನರನ್ನೆಲ್ಲ ಮನೆ ಬಿಡಿಸಿ ಕ್ಯಾಂಪುಗಳಿಗೆ ಹಾಕಿದರು. ಅದನ್ನು ಜಾರಿ ಮಾಡಿದ್ದು ಯಾರು? ಅದೇ ಡಿವಿಟ್. ಪಂದ್ಯವನ್ನು ಪೂರ್ವಕ್ಕೆ ಕಳಿಸಿದ ಮನುಷ್ಯನೇ, ಕೆಲವೇ ತಿಂಗಳಲ್ಲಿ ಆ ಆಟಗಾರನನ್ನೂ ಎಬ್ಬಿಸಿದ. ಯೋಶಿಹಾರಾ ಕುಟುಂಬವನ್ನು ಮೊದಲು ಇಟ್ಟಿದ್ದು ಪೋರ್ಟ್‌ಲ್ಯಾಂಡ್‌ನ ದನಗಳ ಪ್ರದರ್ಶನದ ಕಟ್ಟಡದಲ್ಲಿ, ಆಮೇಲೆ ಐಡಹೋದ ಮಿನಿಡೋಕಾ ಕ್ಯಾಂಪಿನಲ್ಲಿ. ಡಿವಿಟ್ ಹೆಸರು ನನ್ನ ಶೀಟ್‌ನಲ್ಲಿ ಪಂದ್ಯದ ಸಾಲಿನಲ್ಲಿ ಮಾತ್ರ ಇತ್ತು. ಮಗಳು ಅದನ್ನು ಕಾಪಿ ಮಾಡಿ ಯೋಶಿಹಾರಾ ಸಾಲಿನಲ್ಲೂ ಹಾಕಿದಳು.

ಆ ರಾತ್ರಿ ನಾನು ಅವಳಿಗೆ ಸ್ವಂತದ್ದೊಂದು ಹೇಳಿದೆ. 2021ರಲ್ಲಿ ನನ್ನ ತಮ್ಮನ ಮದುವೆ ಹಾಸನದಲ್ಲಿ ಆಯಿತು. ನಾನು ಹೋಗಲಿಲ್ಲ. ಹೋದರೆ ವೀಸಾ ಸ್ಟ್ಯಾಂಪ್ ಆಗದೆ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಧಾರೆ ಆಗಿದ್ದನ್ನು ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್‌ನಲ್ಲಿ, ಯಾರದೋ ಬೆನ್ನ ಹಿಂದಿನಿಂದ ನೋಡಿದೆ. ಓಲಗದ ಸದ್ದು ತುಂಡು ತುಂಡಾಗಿ ಬಂತು. ಎಲ್ಲರೂ ಇರುವ ಕಡೆ ನಾವಿಲ್ಲ ಅನ್ನೋದು ಗೊತ್ತು ನನಗೆ ಅಂದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮ, ಇದು ಅದಲ್ಲ. ನಿನ್ನನ್ನ ಯಾರೂ ದನದ ಕೊಟ್ಟಿಗೆಗೆ ಹಾಕಲಿಲ್ಲ’ ಅಂದಳು. ನಿಜ. ಹೋಲಿಸಬಾರದಿತ್ತು. ಒಂದು ಮಾತ್ರ ಅವಳೂ ಬರೆದುಕೊಂಡಳು: ಯೋಶಿಹಾರಾನ ಹಾಗೆ ಜಪಾನಿನಲ್ಲಿ ಹುಟ್ಟಿದವರು ಆಗ ಅಮೆರಿಕದ ಪೌರತ್ವ ಕೇಳುವ ಹಾಗೇ ಇರಲಿಲ್ಲ, 1952ರವರೆಗೂ. ಭಾರತದಿಂದ ಬಂದವರೂ ಅಷ್ಟೇ. ಭಗತ್ ಸಿಂಗ್ ತಿಂದ್ ಎಂಬ ಪಂಜಾಬಿನ ಮನುಷ್ಯನ ಕೇಸಿನಲ್ಲಿ 1923ರಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ಹಾಕಿತ್ತು. ಅದು ತೆರೆದಿದ್ದು 1946ರಲ್ಲಿ. 1941ರಲ್ಲಿ ನಾವು ಇಲ್ಲಿದ್ದಿದ್ದರೆ ಆ ಬಾಗಿಲ ಹೊರಗೇ ನಿಂತಿರುತ್ತಿದ್ದೆವು.

ಇನ್ನು ಪಂದ್ಯ. ಮಗಳು ಪಂದ್ಯ ಬಿಟ್ಟುಬಿಡೋಣ ಅಂತಿದ್ದಳು. ಟೆಸ್ಟರ್ ಒಪ್ಪಬೇಕಲ್ಲ. ಆಟಕ್ಕೆ ನಾಲ್ಕು ಭಾಗ, ಒಂದೊಂದೂ ಒಂದು ಕ್ವಾರ್ಟರ್. ಕ್ವಾರ್ಟರ್ ಲೆಕ್ಕ ಹೀಗೆ ಬರೆದಿತ್ತು. ಒರೆಗಾನ್ ಸ್ಟೇಟ್ 7, 0, 13, 0. ಡ್ಯೂಕ್ 0, 7, 7, 2. ಒಟ್ಟು 20-16. ಸೋತಿದ್ದು ಡ್ಯೂಕ್, ಗೆಲ್ಲುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದ ಡ್ಯೂಕ್, ತನ್ನದೇ ಅಂಗಳದಲ್ಲಿ.

ನಾನು ಈ ಎಂಟು ಸಂಖ್ಯೆಗಳಿಂದಲೇ ಆಟ ಕಲಿತೆ. ಚೆಂಡು ಹಿಡಿದು ಎದುರಾಳಿಯ ಕೊನೇ ಗೆರೆ ದಾಟಿದರೆ ಟಚ್‌ಡೌನ್. ಟಚ್‌ಡೌನ್‌ಗೆ 6, ಆಮೇಲಿನ ಒದೆತಕ್ಕೆ 1. ಹಾಗಾಗಿ 7. ಹದಿಮೂರು ಅಂದರೆ ಎರಡು ಟಚ್‌ಡೌನ್, ಒಂದು ಒದೆತ ತಪ್ಪಿದೆ. ಆದರೆ 2? ಎರಡು ಎಲ್ಲಿಂದ ಬಂತು? ನಮ್ಮನೆಯವರನ್ನು ಸೋಫಾದಿಂದ ಎಬ್ಬಿಸಿದೆ. ಅವರು ‘ಸೇಫ್ಟಿ’ ಅಂದರು, ಮತ್ತೆ ಮಲಗಿದರು. ಕೊನೆಗೆ ಅರ್ಥವಾಗಿದ್ದು ಕಬಡ್ಡಿಯಿಂದ. ಕಬಡ್ಡಿಯಲ್ಲಿ ರೈಡರ್ ಎದುರಾಳಿ ಅಂಗಳದಲ್ಲಿ ಸಿಕ್ಕಿಬೀಳುತ್ತಾನೆ. ಇಲ್ಲಿ ಚೆಂಡು ಹಿಡಿದವನು ತನ್ನ ಮನೆಯೊಳಗೇ, ತನ್ನ ಗೆರೆಯ ಹಿಂದೆಯೇ ಸಿಕ್ಕಿಬಿದ್ದರೆ ಹಿಡಿದವರಿಗೆ ಎರಡು ಅಂಕ. ಕೊನೇ ಕ್ವಾರ್ಟರ್‌ನಲ್ಲಿ ಡ್ಯೂಕ್‌ನ ಮೈಕ್ ಕಾರ್ಮಜಿನ್, ಒರೆಗಾನ್ ಸ್ಟೇಟ್‌ನ ಡಾನ್ ಡರ್ಡನ್‌ನನ್ನು ಹಾಗೆ ಕೆಡವಿದ. ಮೊದಲ ಟಚ್‌ಡೌನ್ ಹೊಡೆದಿದ್ದೂ ಇದೇ ಡರ್ಡನ್. ದಿನದ ಶ್ರೇಷ್ಠ ಆಟಗಾರನೂ ಅವನೇ.

ಮಳೆ. ಇಡೀ ಪಂದ್ಯ ಮಳೆ. ಚೆಂಡು ಸೋಪಿನ ಹಾಗೆ ಜಾರುತ್ತಿತ್ತು. ಹಳೇ ನ್ಯೂಸ್‌ರೀಲ್ ತುಣುಕು ನೋಡಿದರೆ ಕಪ್ಪು ಬಿಳುಪಿನಲ್ಲಿ ಎಲ್ಲರೂ ಕೆಸರಿನ ಬಣ್ಣವೇ. ತೊಗಲಿನ ಹೆಲ್ಮೆಟ್, ಮುಖಕ್ಕೆ ಏನೂ ಇಲ್ಲ. ಅರ್ಧ ಆಟಕ್ಕೆ 7-7. ಮೂರನೇ ಕ್ವಾರ್ಟರ್‌ನಲ್ಲಿ ಬಾಬ್ ಡೆತ್‌ಮನ್ ಎಸೆದ ಚೆಂಡನ್ನು ಜಾರ್ಜ್ ಜೆಲಿಕ್ ಹಿಡಿದು ಟಚ್‌ಡೌನ್. ಡ್ಯೂಕ್ ಸಮ ಮಾಡಿತು. ಮತ್ತೆ ಡೆತ್‌ಮನ್ ಎಸೆದ. ಈ ಸಲ ಹಿಡಿದಿದ್ದು ಜೀನ್ ಗ್ರೇ, ಹಿಡಿದು ಓಡಿದ. ಒಟ್ಟು 68 ಗಜ. ಪಂದ್ಯ ಅಲ್ಲಿಗೆ ಮುಗಿಯಿತು ಅಂತ ನನ್ನ ಲೆಕ್ಕ. ಡ್ಯೂಕ್ ಮಾತ್ರ ಕೊನೆವರೆಗೂ ಒದ್ದಾಡಿತು. ಸಿಕ್ಕಿದ್ದು ಆ ಎರಡೇ ಅಂಕ.

ಹೊಸ ವರ್ಷದ ದಿನ ನಾವು ಸ್ಟೇಡಿಯಂಗೆ ಹೋದೆವು. ಈಗ ಅದರ ಹೆಸರು ವಾಲೇಸ್ ವೇಡ್ ಸ್ಟೇಡಿಯಂ, 1967ರಿಂದ. ಸೀಸನ್ ಮುಗಿದಿತ್ತು, ಯಾರೂ ಇರಲಿಲ್ಲ. ಮೋಡ ಇತ್ತು, ಮಳೆ ಬರಲಿಲ್ಲ. ಬರಲಿ ಅಂತ ಮಗಳು ಕಾಯುತ್ತಿದ್ದಳು, ಫೋಟೋಕ್ಕೆ. ಅದು ಹಳ್ಳದೊಳಗೆ ಕಟ್ಟಿದ ಸ್ಟೇಡಿಯಂ, ಕುದುರೆ ಲಾಳದ ಆಕಾರ. ಬೇಲಿ ಪಕ್ಕ ನಿಂತರೆ ಮೈದಾನ ಬಾವಿಯ ತಳದ ಹಾಗೆ ಕೆಳಗೆ ಕಾಣುತ್ತದೆ. ನಾನು ಕಾಲಿನಲ್ಲಿ 68 ಗಜ ಅಳೆಯೋಣ ಅಂತ ಬೇಲಿ ಉದ್ದಕ್ಕೂ ಹೆಜ್ಜೆ ಹಾಕಿದೆ. ಎಪ್ಪತ್ತು ಚಿಲ್ಲರೆ ಹೆಜ್ಜೆಗೆ ಏದುಸಿರು ಬಂತು. ಇಷ್ಟು ದೂರ ಕೆಸರಿನಲ್ಲಿ ಓಡಿದ್ದಾನಾ ಅವನು ಅಂತ ಮಗಳು ಮೊದಲ ಸಲ ಆಟದ ಬಗ್ಗೆ ತಾನಾಗಿ ಒಂದು ಪ್ರಶ್ನೆ ಕೇಳಿದಳು.

ಮನೆಗೆ ಬಂದು ‘ಆಮೇಲೆ ಏನಾದರು’ ಕಾಲಂಗೆ ಕೂತೆವು. ಇಡೀ ಪ್ರಾಜೆಕ್ಟ್‌ನಲ್ಲಿ ಕಷ್ಟದ ಕೆಲಸ ಇದೇ. ಪಂದ್ಯ ಮುಗಿದ ಕೆಲವೇ ತಿಂಗಳಲ್ಲಿ ಎರಡೂ ತಂಡದ ಹುಡುಗರಲ್ಲಿ ಹೆಚ್ಚಿನವರು ಸೇನೆಯಲ್ಲಿದ್ದರು. ಕೋಚ್ ವೇಡ್‌ಗೆ 49 ವರ್ಷ, ಅವರೂ ಸೇರಿದರು. ಯುರೋಪಿನಲ್ಲಿ ಫಿರಂಗಿ ದಳ ನಡೆಸಿದರು. ಬಲ್ಜ್ ಕದನದ ಹಿಮದಲ್ಲಿ ಅವರಿಗೆ ಒಬ್ಬ ಸೈನಿಕ ಸಿಕ್ಕಿ ಇಬ್ಬರೂ ಕಾಫಿ ಕುಡಿದರಂತೆ. ನೋಡಿದರೆ ಅವನು ಒರೆಗಾನ್ ಸ್ಟೇಟ್‌ನ ಸ್ಟಾನ್ಲಿ ಚೆಕ್, ಡರ್ಹಮ್‌ನಲ್ಲಿ ವೇಡ್ ಅವರ ತಂಡವನ್ನು ಸೋಲಿಸಿದವರಲ್ಲಿ ಒಬ್ಬ. ಇಟಲಿಯಲ್ಲಿ ಡ್ಯೂಕ್‌ನ ಚಾರ್ಲ್ಸ್ ಹೇನ್ಸ್ ಎದೆಗೆ ಪೆಟ್ಟು ಬಿದ್ದು ಗುಡ್ಡದ ಮೇಲೆ ಗಂಟೆಗಟ್ಟಲೆ ಒರಗಿದ್ದ. ಅವನನ್ನು ಕೆಳಗೆ ಇಳಿಸಿಕೊಂಡು ಬಂದಿದ್ದು ಫ್ರಾಂಕ್ ಪಾರ್ಕರ್. ಅವನೂ ಒರೆಗಾನ್ ಸ್ಟೇಟ್‌ನವನೇ. ಸಿನಿಮಾದಲ್ಲಿ ತೋರಿಸಿದರೆ ನಾನು ನಂಬುತ್ತಿರಲಿಲ್ಲ, ಏನ್ ಕಥೆ ಕಟ್ಟಿದಾರಪ್ಪ ಅಂತಿದ್ದೆ.

ನಾಲ್ವರು ಬದುಕಿ ಬರಲಿಲ್ಲ. ಡ್ಯೂಕ್‌ನ ವಾಲ್ಟರ್ ಗ್ರಿಫಿತ್, ಬಾಬ್ ನ್ಯಾನಿ, ಆಲ್ ಹೂವರ್. ಒರೆಗಾನ್ ಸ್ಟೇಟ್‌ನ ಎವರೆಟ್ ಸ್ಮಿತ್. ಹೂವರ್ ಸತ್ತಿದ್ದು ಪೆಲೆಲ್ಯೂ ದ್ವೀಪದಲ್ಲಿ, ನ್ಯಾನಿ ಇವೋ ಜಿಮಾದಲ್ಲಿ. ಇವುಗಳನ್ನು ಮಗಳು ಸ್ಕೋರುಗಳಷ್ಟೇ ಅಕ್ಷರದಲ್ಲಿ, ಅದೇ ಸೈಜಿನಲ್ಲಿ ಟೈಪ್ ಮಾಡಿದಳು. ದಪ್ಪ ಅಕ್ಷರ ಮಾಡೋಣವಾ ಅಂದೆ. ಬೇಡ ಅಂದಳು.

ಜೀನ್ ಗ್ರೇ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ಆ 68 ಗಜದ ಚೆಂಡು ಹಿಡಿದವನು. ಯುದ್ಧದಲ್ಲಿ ಜರ್ಮನಿಯ ಮೇಲೆ ಬಾಂಬರ್ ವಿಮಾನದಲ್ಲಿ ಹಾರಿ, ಏನೂ ಆಗದೆ ವಾಪಸ್ ಬಂದ. 1948ರಲ್ಲಿ, ಯುದ್ಧ ಎಲ್ಲ ಮುಗಿದಮೇಲೆ, ಪನಾಮಾದಲ್ಲಿ ವಿಮಾನ ಬಿದ್ದು ಎರಡೂ ತೋಳು ಕಳೆದುಕೊಂಡ. ಇದನ್ನು ಬೋರ್ಡಿನಲ್ಲಿ ಆ ಕ್ಯಾಚ್ ಪಕ್ಕದಲ್ಲೇ ಹಾಕಬೇಕು ಅಂತ ನಾನು. ನೋಡಿದವರು ನಿಂತು ಓದುತ್ತಾರೆ ಅಂತ ನನ್ನ ಯೋಚನೆ. ಹಾಕಲ್ಲ ಅಂತ ಅವಳು. ‘ಅದು ಯುದ್ಧದಲ್ಲಿ ಆಗಿದ್ದಲ್ಲ, ಸುಮ್ನೆ ಜನ ಅಯ್ಯೋ ಅನ್ನಲಿ ಅಂತ ಹಾಕೋದು ಚೀಪ್.’ ಹದಿಮೂರು ವರ್ಷದವಳು ಹೇಳಿದಳು ಅಂತ ಮೊದಲು ಸಿಟ್ಟು ಬಂತು. ಆಮೇಲೆ ಅವನ ಸಾಲನ್ನು ಎಲ್ಲರ ಸಾಲಿನ ನಡುವೆ, ಅಕ್ಷರಮಾಲೆ ಪ್ರಕಾರ ಎಲ್ಲಿ ಬರಬೇಕೋ ಅಲ್ಲೇ ಬಿಟ್ಟೆವು. ಇಲ್ಲಿ ಬರೆಯುವಾಗ ನಾನು ಮತ್ತೆ ಅದನ್ನೇ ಮಾಡಿದ್ದೇನೆ, ಅವಳು ಓದಿದರೆ ಬೈಸಿಕೊಳ್ಳುತ್ತೇನೆ.

ಕೊನೆಗೆ ಉಳಿದಿದ್ದು ಯೋಶಿಹಾರಾನ ಸೆಲ್. ‘ಪಂದ್ಯದಲ್ಲಿ ಇದ್ದರೇ?’ ಅನ್ನೋದಕ್ಕೆ ಹೌದು ಅಥವಾ ಇಲ್ಲ ಅಂತ ಮಾತ್ರ ಆರಿಸೋ ಹಾಗೆ ನಾನು ಎಕ್ಸೆಲ್‌ನಲ್ಲಿ ಕಟ್ಟಿದ್ದೆ. ‘ಇಲ್ಲ’ ಅಂತ ಹಾಕಿದರೆ ಕಾಲು ಮುರಿದುಕೊಂಡು ಮನೆಯಲ್ಲಿ ಉಳಿದವನಿಗೂ ಇವನಿಗೂ ವ್ಯತ್ಯಾಸ ಇಲ್ಲ ಅಂದಳು. ನಾನು ಆ ಕಟ್ಟು ತೆಗೆದುಕೊಟ್ಟೆ. ಅವಳು ‘ರೇಡಿಯೋ’ ಅಂತ ಟೈಪ್ ಮಾಡಿದಳು. ‘ಆಮೇಲೆ ಏನಾದರು’ ಅನ್ನೋದರಲ್ಲಿ ಮಿನಿಡೋಕಾ, ತಂಡದವರಿಗೆ ಕೊಡುವ, 1985ರಲ್ಲಿ ಕೊನೆಗೂ ಕೈಗೆ ಸಿಕ್ಕ ರೋಸ್ ಬೌಲ್ ಉಂಗುರ, 2008ರಲ್ಲಿ ಒರೆಗಾನ್ ಸ್ಟೇಟ್ ಕೊಟ್ಟ ಗೌರವ ಪದವಿ. ಮುಂದಿನ ವರ್ಷ ತೀರಿಕೊಂಡರು. ಅವನು ಅಂತ ಬರೆಯುತ್ತಿದ್ದವಳು ಅಲ್ಲಿಗೆ ಬಂದಾಗ ತಾನಾಗಿ ಅವರು ಅಂತ ಬದಲಾಯಿಸಿದ್ದಳು.

ಪ್ರದರ್ಶನದ ದಿನ ಜಡ್ಜ್ ಆಗಿ ಬಂದಿದ್ದವರು ಕನ್ನಡಕ ಏರಿಸಿ 20-16 ನೋಡಿ, ‘ಹದಿನಾರು ಹೇಗಮ್ಮ?’ ಅಂತ ಕೇಳಿದರು. ಮಗಳು ಕಬಡ್ಡಿಯಿಂದ ಶುರು ಮಾಡಿದಳು. ಅವರಿಗೆ ಕಬಡ್ಡಿ ಗೊತ್ತಿಲ್ಲ, ಹಾಗಾಗಿ ಮೊದಲು ಅದನ್ನು ಹೇಳಬೇಕಾಯಿತು. ಉಸಿರು ಕಟ್ಟಿ ‘ಕಬಡ್ಡಿ ಕಬಡ್ಡಿ’ ಅಂತ ಹೇಳಿಯೂ ತೋರಿಸಿದಳು. ಕೊಟ್ಟಿದ್ದ ಐದು ನಿಮಿಷ ಅದಕ್ಕೇ ಹೋಯಿತು. ಬಹುಮಾನ ಬರಲಿಲ್ಲ. ತಂಬಾಕಿಗೆ ಬಂತು.

ವಾಪಸ್ ಬರುವಾಗ ಬೋರ್ಡು ಕಾರಿನ ಹಿಂದಿನ ಸೀಟಿನಲ್ಲಿ, ಲ್ಯಾಪ್‌ಟಾಪ್ ಅವಳ ತೊಡೆ ಮೇಲೆ. ಮುಂದಿನ ಸೀಸನ್‌ಗಳನ್ನೂ ಸುಮ್ನೆ ನೋಡುತ್ತಿದ್ದಳು. 1943ರಲ್ಲಿ ಡ್ಯೂಕ್ ಆಡಿದೆ. ನೌಕಾಪಡೆಯವರು ಅಧಿಕಾರಿಗಳ ತರಬೇತಿಗೆ ಹುಡುಗರನ್ನು ಅಲ್ಲಿಗೆ ಕಳಿಸುತ್ತಿದ್ದರು, ಅವರಲ್ಲೇ ತಂಡ ಕಟ್ಟಿದ್ದರು. ವೇಡ್ ಜಾಗದಲ್ಲಿ ಎಡ್ಡಿ ಕ್ಯಾಮರನ್ ಕೋಚ್. ಒರೆಗಾನ್ ಸ್ಟೇಟ್‌ನ 1943ರ ಶೀಟ್ ತೆರೆದು ಹುಡುಕಿದಳು. 1944 ಹುಡುಕಿದಳು. ಆ ಎರಡು ವರ್ಷ ಅಲ್ಲಿ ಫುಟ್‌ಬಾಲ್ ತಂಡವೇ ಇರಲಿಲ್ಲ. ಆಡೋ ಹುಡುಗರೆಲ್ಲ ಯುದ್ಧದಲ್ಲಿದ್ದರು.

‘ಅಮ್ಮ, ಇದಕ್ಕೆ ಏನು ಹಾಕಲಿ? ಸೆಲ್ ಖಾಲಿ ಬಿಡಬಾರದಲ್ವಾ?’

ಸಿಗ್ನಲ್ ಬಿದ್ದಿತ್ತು. ಬಿಡು, ಖಾಲಿನೇ ಇರಲಿ ಅಂದೆ.